ಗ್ರ್ಯಾಂಡ್ ಕ್ಯಾನಿಯನ್ ವಿಸಿಟರ್ ಸೆಂಟರ್: ಶಹಾಬಾದದ ಫರ್ಸಿಯವನೊಬ್ಬ ಕಂಡಂತೆ

ನಮ್ಮ ಓಣಿಯಲ್ಲಿ ಈಗ ಮೂರು ಮನೆಯ ಮಕ್ಕಳು ಅಮೆರಿಕದಲ್ಲಿದ್ದಾರೆ. ಬೇಸಿಗೆ ಬಂತೆಂದರೆ ಯಾರಾದರೊಬ್ಬರು ಶೇಂಗಾ ಹಿಂಡಿ (ಚಟ್ನಿಪುಡಿ) ಎಷ್ಟು ಕಿಲೋ ಒಯ್ಯಬಹುದು ಅಂತ ಕೇಳಿಕೊಂಡು ನಮ್ಮ ಕಟ್ಟೆಗೆ ಬರುತ್ತಾರೆ. ಹಿಂಡಿಯ ಮಾತು ಮುಗಿದ ಮೇಲೆ ಎರಡನೇ ಪ್ರಶ್ನೆ: "ಕಾಕಾ, ಆ ಗ್ರ್ಯಾಂಡ್ ಕ್ಯಾನಿಯನ್ ಅಂತಾರಲ್ಲ, ಅಷ್ಟು ದೂರ ಹೋಗಿ ನೋಡೂದೇನದ? ತಗ್ಗೇ ಅಲ್ಲೇನು ಅದು?"

ತಗ್ಗೇ ಹೌದು, ನದಿ ಕೊರೆದ ಭಾರೀ ಕಣಿವೆ. ಕಲಬುರಗಿ ಕಡೆಯ ಶಹಾಬಾದದಲ್ಲಿ ಮೂವತ್ತು ವರ್ಷ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣಕಲ್ಲು, ಪಾಲಿಶ್ ಮಾಡುವ ಮಷಿನ್ ನಡೆಸಿದವನಿಗೆ ತಗ್ಗು ಹೊಸದೇನಲ್ಲ, ಹುಟ್ಟಿದಾಗಿನಿಂದ ಖಣಿ ನೋಡಿಕೊಂಡೇ ಬೆಳೆದವನು ನಾನು. ಅದಕ್ಕೇ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ತಗ್ಗು ಎಲ್ಲಿಗೂ ಹೋಗುವುದಿಲ್ಲ, ಮೊದಲು ನೋಡಲು ಬಂದವರಿಗೆ ಮಾಹಿತಿ ಕೊಡುವ ವಿಸಿಟರ್ ಸೆಂಟರಿನಲ್ಲಿ ಒಂದು ತಾಸು ಕಳೆಯಿರಿ.

ನಾವು ಹೋದದ್ದು 2024ರ ಅಕ್ಟೋಬರಿನಲ್ಲಿ. ಮಗ ಇರುವುದು ಫೀನಿಕ್ಸ್‌ನಲ್ಲಿ, ಅಲ್ಲಿಂದ ಕಾರಿನಲ್ಲಿ ಸುಮಾರು ನಾಲ್ಕು ತಾಸು. ಒಂದು ಕಾರಿಗೆ 35 ಡಾಲರ್ ಕೊಟ್ಟರೆ ಏಳು ದಿನ ಹೋಗಿಬರಬಹುದು. 2026ರ ಜನವರಿಯಿಂದ ಆ ದೇಶದ ನಿವಾಸಿಗಳಲ್ಲದವರಿಗೆ, ಹದಿನಾರು ತುಂಬಿದ್ದರೆ, ತಲೆಗೆ 100 ಡಾಲರ್ ಹೆಚ್ಚಿಗೆ ಹಾಕಿದ್ದಾರೆ. ಅಂದರೆ ನಮ್ಮಂಥ ಅಪ್ಪ ಅಮ್ಮಂದಿರಿಗೆ. ಹೊರಡುವ ಮೊದಲು ಮಕ್ಕಳಿಗೆ ಕೇಳಿಕೊಳ್ಳಿ.

ಕಾರು ನಿಲ್ಲಿಸಿ ಇಳಿದರೆ ತಗ್ಗು ಕಾಣುವುದೇ ಇಲ್ಲ. ಸುತ್ತ ಪೈನ್ ಗಿಡಗಳು, ಅಗಲವಾದ ಅಂಗಳ, ನಡುವೆ ಕಟ್ಟಡಗಳು. ನಮ್ಮಾಕಿ ಒಂದು ಸುತ್ತು ತಿರುಗಿ ನೋಡಿ, "ಎಲ್ಲದ ರೀ ಅದು?" ಅಂದಳು. ಐದು ನಿಮಿಷ ನಡೆದರೆ ಮ್ಯಾಥರ್ ಪಾಯಿಂಟ್, ಅಲ್ಲಿಂದ ಕಾಣುತ್ತದೆ. ಆದರೆ ಆ ಐದು ನಿಮಿಷಕ್ಕೇ ನನಗೆ ಏದುಸಿರು. ವಯಸ್ಸಾಯಿತು ಅಂದುಕೊಂಡೆ, ಆಮೇಲೆ ತಿಳಿಯಿತು, ಆ ಜಾಗದ ಎತ್ತರ ಸುಮಾರು 7,000 ಅಡಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಹೆಚ್ಚು.

ಅಂಗಳದಲ್ಲೇ ಒಂದು ಫಜೀತಿಯಾಯಿತು. ಬೆಂಚಿನ ಮೇಲೆ ಕೂತು ಚಪಾತಿ ಬಿಚ್ಚಿದೆವು. ಬೆಕ್ಕಿನ ಮರಿಯಷ್ಟು ದಪ್ಪನ ಅಳಿಲೊಂದು ಬಂದು ಎರಡು ಕಾಲ ಮೇಲೆ ನಿಂತಿತು. ನಮ್ಮಾಕಿ ಒಂದು ತುಣುಕು ಚಾಚಿದಳು. ಪಕ್ಕದಲ್ಲಿದ್ದ ಒಬ್ಬ ಮುದುಕಿ ಹೌಹಾರಿ ಎದ್ದು ಬೋರ್ಡ್ ತೋರಿಸಿದಳು. ಪ್ರಾಣಿಗಳಿಗೆ ತಿನ್ನಲು ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ, ದಂಡವೂ ಉಂಟು. ಅಷ್ಟು ದೊಡ್ಡ ಜಾಗದಲ್ಲಿ ಜನರನ್ನು ಕಚ್ಚುವುದರಲ್ಲಿ ಈ ಅಳಿಲುಗಳದ್ದೇ ಮೇಲುಗೈಯಂತೆ. "ಅಳಿಲಿಗಿ ಒಂದ್ ತುತ್ತು ಹಾಕಬಾರದಂತ ಯಾವ ದೇಶದಾಗ ಅದ?" ಅಂತ ನಮ್ಮಾಕಿ ಇವತ್ತಿಗೂ ಗೊಣಗುತ್ತಾಳೆ. ತಪ್ಪು ನಮ್ಮದೇ.

ಕಟ್ಟಡದ ಒಳಗೆ ಸಿಗುವುದನ್ನೆಲ್ಲ ಪಟ್ಟಿ ಮಾಡುವುದಿಲ್ಲ. ಪುಕ್ಕಟೆ ನಕ್ಷೆ ಕೊಡುತ್ತಾರೆ, ಗೋಡೆ ತುಂಬ ಚಿತ್ರ ವಿವರಣೆ, ಒಂದು ಥಿಯೇಟರು. ಸುಮಾರು ಇಪ್ಪತ್ತು ನಿಮಿಷದ ಸಿನಿಮಾ. ಚೆನ್ನಾಗಿದೆ, ನಾನು ಅರ್ಧಕ್ಕೇ ತೂಕಡಿಸಿದೆ. ಹೊರಗೆ ಬಾಟಲಿ ತುಂಬಿಸಿಕೊಳ್ಳಲು ನಲ್ಲಿಗಳಿವೆ. ಆ ಪಾರ್ಕಿನಲ್ಲಿ 2012ರಿಂದ ಬಿಸಾಡುವ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರುವುದಿಲ್ಲ, ಮನೆಯಿಂದಲೇ ಬಾಟಲಿ ಒಯ್ಯಿರಿ. ಅಲ್ಲಿಂದಲೇ ಬಸ್ಸುಗಳು ಹೊರಡುತ್ತವೆ, ಟಿಕೆಟ್ಟಿಲ್ಲ.

ನನಗೆ ಕಾರಿನ ದುಡ್ಡು ವಸೂಲಾಯಿತು ಅನ್ನಿಸಿದ್ದು ಮೇಜಿನ ಹಿಂದೆ ನಿಂತಿದ್ದ ರೇಂಜರ್ ಹೆಣ್ಣುಮಗಳ ಹತ್ತಿರ. ಚಪ್ಪಟೆ ಅಂಚಿನ ಟೋಪಿ, ಬೂದು ಅಂಗಿ. ಎಷ್ಟು ದೂರ ಕೆಳಗೆ ಇಳಿಯಬಹುದು ಅಂತ ಮಗನ ಕೈಲಿ ಕೇಳಿಸಿದೆ. ಆಕೆ ಹೋಗಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮೊದಲು ನನ್ನ ಚಪ್ಪಲಿ ನೋಡಿದಳು. ನೀರು ಎಷ್ಟಿದೆ, ತಿನ್ನಲು ಉಪ್ಪಿನಂಶದ್ದು ಏನಿದೆ, ಈಗ ಗಂಟೆ ಎಷ್ಟು ಅಂತ ಕೇಳಿದಳು. ಇಳಿಯಲು ಒಂದು ತಾಸು ಹಿಡಿದರೆ ಹತ್ತಲು ಎರಡು ತಾಸು ಇಟ್ಟುಕೊಳ್ಳಿ, ಕೆಳಗೆ ನದಿ ಮುಟ್ಟಿ ಒಂದೇ ದಿನದಲ್ಲಿ ಮೇಲೆ ಬರುವ ಸಾಹಸ ಯಾರೂ ಮಾಡಬಾರದು ಅಂದಳು. ಬೇಸಿಗೆಯಲ್ಲಿ ತಳದಲ್ಲಿ 40 ಡಿಗ್ರಿ ದಾಟುತ್ತದೆ ಅಂದಾಗ ನನಗೆ ನಗು ಬಂತು. "ಕಲಬುರಗಿಯವರಿಗಿ ಬಿಸಿಲಿನ ಹೆದರಿಕಿ ಹಾಕ್ತಾಳಲ್ಲೋ," ಅಂದೆ. ಮಗ ಅದನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟ. ಆಕೆಯೂ ನಕ್ಕಳು. ನಿಮ್ಮೂರಿನ ಬಿಸಿಲಿನಲ್ಲಿ ಮಧ್ಯಾಹ್ನ ಗುಡ್ಡ ಹತ್ತುತ್ತೀರಾ ಅಂತ ಕೇಳಿದಳು. ಇಲ್ಲ, ಮಲಗುತ್ತೇವೆ.

ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದಳು. ಸುಣ್ಣಕಲ್ಲು ಅಂದೆ. ಆಕೆ ತಕ್ಷಣ ನಕ್ಷೆ ತಿರುಗಿಸಿ, ಇಳಿಯುವ ದಾರಿ ಬಿಟ್ಟು ಅಂಚಿನ ಮೇಲಿನ ಒಂದು ದಾರಿಗೆ ಪೆನ್ನಿನಿಂದ ಗೆರೆ ಎಳೆದಳು: ಯಾವಪಾಯ್ ಭೂವಿಜ್ಞಾನ ವಸ್ತುಸಂಗ್ರಹಾಲಯ, ಅಲ್ಲಿಂದ 'ಟ್ರೇಲ್ ಆಫ್ ಟೈಮ್', ಅಂದರೆ ಕಾಲದ ದಾರಿ. ನಮ್ಮ ಕಡೆಯ ಒಂದು ಹಳೇ ಜಾಗಕ್ಕೆ ಹಿಂದಿನ ವರ್ಷ ಬೀಗರನ್ನು ಕರೆದುಕೊಂಡು ಹೋಗಿದ್ದೆ. ಬೋರ್ಡಿನ ಅಕ್ಷರವನ್ನೆಲ್ಲ ತುಕ್ಕು ತಿಂದಿತ್ತು, ಕೇಳೋಣವೆಂದರೆ ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಇಲ್ಲಿ ನನ್ನ ಕಸುಬು ಕೇಳಿ ದಾರಿ ಬದಲಿಸುವವರು ಸಿಕ್ಕರು.

ಇತ್ತ ಮೊಮ್ಮಗ ಇನ್ನೊಂದು ಮೇಜಿನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಇಸಿದುಕೊಂಡು ಮೊಣಕಾಲೂರಿ ಬರೆಯುತ್ತಿದ್ದ. ಅದೂ ಪುಕ್ಕಟೆ. ಹಾಳೆಗಳನ್ನು ತುಂಬಿಸಿ ತೋರಿಸಿದರೆ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಏಳು ವರ್ಷದ ಹುಡುಗ ಪ್ರಮಾಣ ಮಾಡುವಾಗ ಅವನ ಮುಖ ನೋಡಬೇಕಿತ್ತು, ಮಂತ್ರಿಗಳೂ ಅಷ್ಟು ಗಂಭೀರವಾಗಿ ಮಾಡುವುದಿಲ್ಲ.

ಯಾವಪಾಯ್ ಕಟ್ಟಡ 1928ರದ್ದು. ದೊಡ್ಡ ಕಿಟಕಿಗಳ ಮುಂದೆ ನಿಂತರೆ ಇಡೀ ತಗ್ಗು ಎದುರಿಗೆ, ಯಾವ ಪದರು ಯಾವುದು ಅಂತ ಪಕ್ಕದಲ್ಲೇ ವಿವರಣೆ. ನನ್ನ ಕಣ್ಣು ಹೋದದ್ದು ಕೆಂಪು ಗೋಡೆಯ ಮೇಲೆ. ರೆಡ್‌ವಾಲ್ ಅಂತ ಹೆಸರು, ಒಳಗೆ ಮಾತ್ರ ಬೂದು ಸುಣ್ಣಕಲ್ಲು. ಮೇಲಿನ ಪದರುಗಳ ಕಬ್ಬಿಣದ ಕೆಂಪು ಮಳೆನೀರಿನ ಜೊತೆ ಇಳಿದು ಬಳಿದುಕೊಂಡಿದೆ. ಮೊರಂ ಎಂಬ ಕೆಂಪು ಗರಸಿನ ನೀರು ಹರಿದ ಫರ್ಸಿ ಥಪ್ಪಿಯನ್ನು ಆಷಾಢದಲ್ಲಿ ನಾನು ಎಷ್ಟು ಸಲ ಉಜ್ಜಿ ತೊಳೆದಿಲ್ಲ! ಗಿರಾಕಿ ಬಂದು "ಇದು ಕೆಂಪಗದ, ಶಹಾಬಾದ್ ಅಲ್ಲ" ಅಂದರೆ ಉಗುರಿನಿಂದ ಕೆರೆದು ತೋರಿಸುತ್ತಿದ್ದೆ.

ಹೊರಗೆ ಆ ದಾರಿ ಶುರು. ನೆಲದಲ್ಲಿ ಮೀಟರಿಗೊಂದು ಹಿತ್ತಾಳೆ ಬಣ್ಣದ ಗುರುತು, ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದಂತೆ. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ನಮ್ಮ ಮಳಖೇಡದಲ್ಲಿ ಅಮೋಘವರ್ಷ ಆಳಿದ ಒಂಬತ್ತನೇ ಶತಮಾನ ಈ ಅಳತೆಯಲ್ಲಿ ಒಂದು ಮಿಲಿಮೀಟರಿಗಿಂತ ತುಸು ಹಿಂದೆ, ಅಷ್ಟೇ. ಇನ್ನೂರು ವರ್ಷದ ಹಿಂದಿನ ಕಲಬುರಗಿಯ ಶರಣಬಸವಪ್ಪನವರ ಕಾಲ ಒಂದು ಲಗ್ನಪತ್ರಿಕೆಯ ದಪ್ಪ.

ದಾರಿಯುದ್ದಕ್ಕೂ ಆಯಾ ಕಾಲದ ಕಲ್ಲುಗಳನ್ನು ಪೀಠದ ಮೇಲೆ ಕೂರಿಸಿದ್ದಾರೆ, ಮುಟ್ಟಿ ನೋಡಬಹುದು. ಕೆಲವಕ್ಕೆ ಒಂದು ಮುಖ ಪಾಲಿಶ್ ಮಾಡಿದ್ದಾರೆ. ಅಂಗೈ ಆಡಿಸಿ ನೋಡಿದೆ, ಒಳ್ಳೆಯ ಕೈ. 270ನೇ ಮೀಟರಿನ ಹತ್ತಿರ ಕೈಬಾಬ್ ಎಂಬ ಬಿಳಿಚು ಸುಣ್ಣಕಲ್ಲು, ನಾವು ನಿಂತ ಅಂಚೇ ಆ ಕಲ್ಲಿನದು. ಸಮುದ್ರದ ಚಿಪ್ಪು, ಸ್ಪಂಜುಗಳು ಕಲ್ಲಾಗಿ ಉಳಿದದ್ದು ಅದರಲ್ಲಿ ಸಿಗುತ್ತವೆ. ಇಷ್ಟು ವರ್ಷ ಫರ್ಸಿ ಕೊಯ್ದರೂ ನಾನು ಒಂದು ಚಿಪ್ಪು ಕಂಡವನಲ್ಲ. ಕಾರಣ ಇಷ್ಟೇ: ಭೀಮಾ ಸೀಮೆಯ ನಮ್ಮ ಸುಣ್ಣಕಲ್ಲು ಕೆಸರಾಗಿ ಕೂತಾಗ ಚಿಪ್ಪಿನ ಜೀವಗಳೇ ಇನ್ನೂ ಹುಟ್ಟಿರಲಿಲ್ಲ.

ಐನೂರು ಮೀಟರ್ ದಾಟಿದ ಮೇಲೆ ಒಂದು ಸೋಜಿಗ. ಕ್ಯಾನಿಯನ್ನಿನ ಹೆಚ್ಚಿನ ಕಡೆ 50 ಕೋಟಿ ವರ್ಷದ ಮರಳುಗಲ್ಲಿನ ಕೆಳಗೆ ನೇರವಾಗಿ 170 ಕೋಟಿ ವರ್ಷ ದಾಟಿದ ಕಪ್ಪು ಕಲ್ಲು. ನಡುವಿನ ಪದರುಗಳು ಸವೆದು ಹೋಗಿವೆ, ಖಾತೆ ಪುಸ್ತಕದ ನಡುವಿನ ಹಾಳೆ ಕಿತ್ತಂತೆ. ಆ ಕಿತ್ತ ಹಾಳೆಗಳ ಕಾಲದ್ದೇ ನಮ್ಮ ಫರ್ಸಿ. ನಮ್ಮಾಕಿಯನ್ನು ಕೂಗಿ, "ಏ, ನಮ್ಮ ಅಡಗಿಮನಿ ನೆಲ ಇಲ್ಲಿಂದ ಇನ್ನಾ ಮುಂದದ, ಬಾ," ಅಂದೆ.

"ಹಂಗಾರ ನೀವೇ ಹೋಗಿ ಸಾರಿಸಿ ಬರ್ರಿ, ನಾ ಇಲ್ಲೇ ಕೂಡ್ತೀನಿ."

ಅವಳ ಮೊಣಕಾಲಿನ ತಪ್ಪಿಲ್ಲ. ಪೂರ್ತಿ ನಡೆದರೆ ಭೂಮಿ ಹುಟ್ಟಿದ ಗುರುತಿನವರೆಗೆ ನಾಲ್ಕೂವರೆ ಕಿಲೋಮೀಟರ್. ಹೆಚ್ಚಿನಂಶ ಸಮತಟ್ಟಾದ ದಾರಿ, ಆದರೂ ವಯಸ್ಸಾದವರು ಎರಡು ಕಂತಿನಲ್ಲಿ ಮಾಡುವುದು ಒಳ್ಳೆಯದು.

ಸೆಂಟರಿಗೆ ವಾಪಸು ಬಂದು ಎದುರಿನ ಅಂಗಡಿಯಲ್ಲಿ ಸ್ಟಾಂಪ್ ಹೊಡೆದುಕೊಂಡೆವು. ಅದಕ್ಕೆಂದೇ ಪಾಸ್‌ಪೋರ್ಟಿನಂಥ ಪುಸ್ತಕ ಮಾರುತ್ತಾರೆ. ಸ್ಟಾಂಪಿಗೆ ದುಡ್ಡಿಲ್ಲ, ಪುಸ್ತಕಕ್ಕೆ ಉಂಟು. ನಾನು ಜೇಬಿನ ಲೆಕ್ಕದ ಡೈರಿ ತೆಗೆದು, ಎರಡು ಬೈ ಎರಡು ಫರ್ಸಿಯ ಹಳೇ ಬಾಕಿ ಬರೆದಿದ್ದ ಹಾಳೆಯ ಎದುರಿಗೆ ಹೊಡೆದುಕೊಂಡೆ. ಊರಿನ ಹೆಸರು, ತಾರೀಕು ಎರಡೂ ಸ್ವಚ್ಛ ಬಿದ್ದಿವೆ.

ಕಾರಿನ ಹತ್ತಿರ ಕಾಲಿಗೆ ಒಂದು ಕಲ್ಲಿನ ಚೂರು ಸಿಕ್ಕಿತು, ಹೆಬ್ಬೆರಳಿನಷ್ಟು. ಕಸುಬಿನ ಚಾಳಿ, ಎತ್ತಿ ಬಟ್ಟೆಗೆ ಒರೆಸಿ ಜೇಬಿಗೆ ಹಾಕುವಷ್ಟರಲ್ಲಿ ಮೊಮ್ಮಗ ಬ್ಯಾಡ್ಜ್ ಮುಂದೆ ಮಾಡಿ ಅಡ್ಡ ನಿಂತ. "ಮುತ್ಯಾ, ಅದನ್ನ ಅಲ್ಲೇ ಇಡು."

ಇಟ್ಟೆ. ಅಲ್ಲಲ್ಲ, ಇದಕ್ಕೂ ಆ ಕಡೆ ಇತ್ತು ಅಂತ ಮತ್ತೊಮ್ಮೆ ಬಗ್ಗಿಸಿದ.