ಹೂಂಗುಟ್ಟುವುದನ್ನೂ ಕಲಿಸುವ ಇಟಾಲಿಯನ್ ಕ್ಲಾಸು

ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರ ಬೆಳಿಗ್ಗೆ ಒಂದು ಮಹಡಿ ಮನೆಯಲ್ಲಿ ನಡೆಯುವ ಈ ಇಟಾಲಿಯನ್ ಕ್ಲಾಸಿನಲ್ಲಿ ವ್ಯಾಕರಣದ ಪಾಠ ಮಾಮೂಲಿನದ್ದೇ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುವುದು ಮೂರನೇ ವಾರ, ಕೇಳುವವರು ಏನನ್ನಬೇಕು ಎಂದು ಹೇಳಿಕೊಡುವಾಗ.

ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸುತ್ತಾರೆ. ಒಬ್ಬರು ಎರಡು ನಿಮಿಷ ಮಂಡ್ಯದ ರೈಲು ತಡವಾದ ಕತೆ ಹೇಳಬೇಕು, ಇನ್ನೊಬ್ಬರು ಹೂಂಗುಟ್ಟಬೇಕು. ತಲೆಯಾಡಿಸಿದರೆ ಕಾಣದು, ಬಾಯಿ ಬಿಡಲೇಬೇಕು. ಇದು ಒಳ್ಳೆಯ ಉಪಾಯ. ತಲೆಯನ್ನು ಪಕ್ಕಕ್ಕೆ ವಾಲಿಸಿ ನಾವು ಹೇಳುವ 'ಸರಿ' ಇಟಲಿಯವರ ಕಣ್ಣಿಗೆ ಅನುಮಾನದಂತೆ ಕಾಣಬಹುದು. ಲೊಚಗುಟ್ಟುವ ಅಭ್ಯಾಸವನ್ನಂತೂ ಬಿಡಬೇಕು: ದಕ್ಷಿಣ ಇಟಲಿಯಲ್ಲಿ ಗದ್ದ ಮೇಲೆತ್ತಿ ಲೊಚ್ ಅಂದರೆ 'ಇಲ್ಲ' ಎಂದರ್ಥ, ಅಯ್ಯೋ ಪಾಪ ಅಲ್ಲ.

ಕೈಗೆ ಕೊಡುವ ಹಾಳೆ ಮಾತ್ರ ದಾರಿ ತಪ್ಪಿಸುತ್ತದೆ. ನಿಘಂಟಿನ ಅರ್ಥವನ್ನೇ ಇಳಿಸಿದ್ದಾರೆ. 'ಜಾ' ಅಂದರೆ 'ಆಗಲೇ' ಎಂದಿದೆ. ಒಂಟಿಯಾಗಿ ಅಂದಾಗ ಅದು 'ಹೌದಲ್ವಾ'. 'ಇನ್‌ಫತ್ತಿ'ಗೆ 'ವಾಸ್ತವವಾಗಿ' ಎಂದಿದೆ. ಏನು ಸೆಕೆ ಅಂತ ಒಬ್ಬರು ಅಂದಾಗ 'ಇನ್‌ಫತ್ತಿ' ಎಂದರೆ ಅಚ್ಚ ಮೈಸೂರಿನ 'ಅದೇ ಮತ್ತೆ'! ನೀವು ಆಗಲೇ ಹೇಳಿದ್ದನ್ನೇ ಎದುರಿನವರು ಹೇಳಿದರೆ 'ಅಪ್ಪುಂತೊ', ನಾನಂದಿದ್ದೂ ಅದನ್ನೇ. 'ಮಗಾರಿ'ಗೆ 'ಬಹುಶಃ' ಎಂದು ಬರೆದುಬಿಟ್ಟಿದ್ದಾರೆ. ರೋಮಿಗೆ ಹೋಗ್ತೀರಾ ಎಂದು ಕೇಳಿದಾಗ 'ಮಗಾರಿ!' ಅಂದರೆ 'ಅಷ್ಟು ಪುಣ್ಯ ಎಲ್ಲಿ ಬಂತು' ಅನ್ನುವ ಆಸೆ. ನಂಬಲಾಗದ ಸುದ್ದಿಗೆ 'ಮ ದಾಯ್', ಹೋಗಪ್ಪಾ ಅನ್ನುತ್ತೇವಲ್ಲ, ಹಾಗೆ.

ಒತ್ತಕ್ಷರದ ವಿಷಯದಲ್ಲಿ ನಾವು ಗೆದ್ದೆವು. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವ ನಾಲಿಗೆಗೆ ಇನ್‌ಫತ್ತಿ, ಅಪ್ಪುಂತೊ, ದವ್ವೇರೊ ಕಷ್ಟವೇ ಅಲ್ಲ. ಎಡವುವುದು ರಾಗದಲ್ಲಿ. 'ಎ' ಎಂಬ ಒಂದಕ್ಷರವನ್ನು ದನಿ ಇಳಿಸಿ ಅಂದರೆ 'ಹೌದು ಮತ್ತೆ', ಏರಿಸಿದರೆ 'ಏನಂದ್ರಿ?'. 'ಸಿ' ಅಂದರೆ 'ಹೌದು'; 'ಸಿ ಸಿ ಸಿ' ಎಂದು ಗಡಿಬಿಡಿಯಲ್ಲಿ ಅಂದರೆ ಬೇಗ ಮುಗಿಸಿ ಅಂದಂತೆ ಕೇಳಿಸುತ್ತದೆ. ನಮ್ಮ 'ಹೂಂ ಹೂಂ ಹೂಂ' ಕೂಡ ಅಷ್ಟೇ ತಾನೇ.

'ದವ್ವೇರೊ?' ಅಂದರೆ 'ಹೌದಾ?'. ಅದನ್ನು ಮಾತಿನ ಮಧ್ಯೆ ತೂರಿಸದೆ, ಸುದ್ದಿ ಮುಗಿದ ಕ್ಷಣಕ್ಕೆ ಅನ್ನಬೇಕು. ಟೀಚರ್ ಇದನ್ನು ಬೆರಳಿನಿಂದ ಮೇಜು ತಟ್ಟಿ ತೋರಿಸುತ್ತಾರೆ, ಅದು ಚೆನ್ನಾಗಿದೆ. ಆದರೆ ರಾಗ ಮನೆಯಲ್ಲಿ ಕೇಳಿಕೊಳ್ಳಲು ಒಂದು ರೆಕಾರ್ಡಿಂಗೂ ಕೊಡುವುದಿಲ್ಲ. ಹಿಂದಿನ ಸಾಲಿನಲ್ಲಿ ಫ್ಯಾನಿನ ಸದ್ದಿಗೆ 'ಎ' ಏರಿತೋ ಇಳಿಯಿತೋ ತಿಳಿಯದು. ಬೇಗ ಹೋಗಿ ಮುಂದೆ ಕೂರಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿ ನೋಡಿ.