ಬುಲೆಟ್‌ಗೆ ಎಲೆಕ್ಟ್ರಾನಿಕ್ ಇಗ್ನಿಷನ್, ಇರಿಡಿಯಂ ಪ್ಲಗ್: ವರ್ಷಗಟ್ಟಲೆ ಓಡಿಸಿದ ಮೇಲೆ

ಪಾಯಿಂಟ್ (ಕರೆಂಟ್ ಕತ್ತರಿಸಿ ಕಿಡಿ ಹಾರಿಸುವ ಪುಟ್ಟ ಸ್ವಿಚ್) ಇರುವ ಹಳೇ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಇಗ್ನಿಷನ್‌ಗೆ ದುಡ್ಡು ಹಾಕಬೇಕೋ ಬೇಡವೋ ಎಂದು ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇರಿಡಿಯಂ ಪ್ಲಗ್ ಹಾಕಿದರೂ ಸರಿ, ಬಿಟ್ಟರೂ ಸರಿ. ‘ಹೈ ಪವರ್’ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ) ಮಾತ್ರ ಬೇಡವೇ ಬೇಡ.

ನನ್ನದು 1990ರ ದಶಕದ ಕೊನೆಯ ಸ್ಟ್ಯಾಂಡರ್ಡ್ 350. 346 ಸಿಸಿ, 18 ಎಚ್‌ಪಿ, ಎರಕದ ಕಬ್ಬಿಣದ ಬ್ಯಾರೆಲ್, ಬಲಗಾಲಿಗೆ ಗೇರ್. ಕಾರ್ಬ್ಯುರೇಟರ್, ಪಿಸ್ಟನ್, ಸೈಲೆನ್ಸರ್ ಎಲ್ಲ ಕಂಪನಿಯವೇ. ದಿನಾ ದಾವಣಗೆರೆಯ ಪಿ.ಬಿ. ರಸ್ತೆ, ಮಂಡಿಪೇಟೆಯ ಗದ್ದಲದಲ್ಲಿ ಓಡುತ್ತದೆ. ಕೆಲಸದ ಮೇಲೆ ಆಗಾಗ ಚಿತ್ರದುರ್ಗಕ್ಕೆ, ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಬೇಸಿಗೆಯ ಬಿಸಿಲು, ಲಾರಿಗಳ ದೂಳು, ಆಷಾಢದ ಗಾಳಿ ಎಲ್ಲವನ್ನೂ ಈ ಗಾಡಿ ಕಂಡಿದೆ.

ಕಾಯಿಲ್ ವಿಷಯ ಮೊದಲು, ಯಾಕೆಂದರೆ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಅಲ್ಲೇ. ಡಬ್ಬದ ಮೇಲೆ 40,000 ವೋಲ್ಟ್ ಎಂದು ಬರೆದಿರುತ್ತದೆ. ಆದರೆ ಕಾಯಿಲ್ ತನ್ನ ಪೂರ್ತಿ ವೋಲ್ಟೇಜನ್ನು ಎಂದೂ ಪ್ಲಗ್ಗಿಗೆ ಕೊಡುವುದಿಲ್ಲ. ಪಾಯಿಂಟ್ ತೆರೆದ ಕ್ಷಣ ವೋಲ್ಟೇಜ್ ಏರತೊಡಗುತ್ತದೆ; ಪ್ಲಗ್ಗಿನ ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಾಗುತ್ತಲೇ ಕಿಡಿ ಹಾರಿ, ಏರಿಕೆ ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಬೇಕು ಎನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಗ್ಯಾಪ್ ಮತ್ತು ಸಿಲಿಂಡರ್ ಒಳಗಿನ ಒತ್ತಡ. ಹಳೇ ಬುಲೆಟ್ಟಿನ ಕಂಪ್ರೆಷನ್ ಬಹಳ ಕಡಿಮೆ, ಪ್ಲಗ್ ಗ್ಯಾಪ್ ಕೂಡ ಚಿಕ್ಕದು. ಕಂಪನಿ ಕಾಯಿಲ್ಲೇ ಅದಕ್ಕೆ ಧಾರಾಳ. ಇನ್ನು ಪಿಕಪ್ ಹೆಚ್ಚುತ್ತದೆ ಎನ್ನುವ ಮಾತು. ಪೆಟ್ರೋಲು-ಗಾಳಿಯ ಮಿಶ್ರಣ ಒಮ್ಮೆ ಸರಿಯಾಗಿ ಹೊತ್ತಿಕೊಂಡರೆ, ಅದನ್ನು ಹೊತ್ತಿಸಿದ ಕಿಡಿ ದೊಡ್ಡದೋ ಚಿಕ್ಕದೋ ಪಿಸ್ಟನ್ನಿಗೆ ಗೊತ್ತಾಗುವುದೇ ಇಲ್ಲ. ಟರ್ಬೊ ಹಾಕಿದ, ಕಂಪ್ರೆಷನ್ ಏರಿಸಿದ ಎಂಜಿನ್ನಿನ ಕತೆ ಬೇರೆ. ನಮ್ಮದು ಅದಲ್ಲ.

ಪ್ರಯೋಜನವಿಲ್ಲದಿದ್ದರೂ ಸುಮ್ಮನಿರಬಹುದಿತ್ತು, ಆದರೆ ಇದರಿಂದ ಹಾನಿಯೂ ಇದೆ. ಪಾಯಿಂಟ್ ಗಾಡಿಯ ಕಾಯಿಲ್ಲಿನ ಪ್ರೈಮರಿ ರೆಸಿಸ್ಟೆನ್ಸ್ 3 ಓಮ್ ಆಸುಪಾಸು ಇರುತ್ತದೆ. 12 ವೋಲ್ಟಿಗೆ 4 ಆಂಪಿಯರ್ ಎಳೆಯುತ್ತದೆ. ಜೋರು ಕಾಯಿಲ್‌ಗಳಲ್ಲಿ ಇದು 1.5 ಓಮ್‌ವರೆಗೂ ಇಳಿದಿರುತ್ತದೆ. ಅಂದರೆ 8 ಆಂಪಿಯರ್. ಅಷ್ಟು ಕರೆಂಟ್ ಹರಿದರೆ ಪಾಯಿಂಟ್ ಸುಟ್ಟು ಗುಳಿ ಬೀಳುತ್ತದೆ. ಸಂಜೆ ಹೆಡ್‌ಲೈಟ್ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಆಮೀಟರ್ ಮುಳ್ಳು ಮೈನಸ್ ಕಡೆಯಿಂದ ಮೇಲೇಳುವುದಿಲ್ಲ. ಐಡ್ಲಿಂಗಿನಲ್ಲಿ ಈ ಗಾಡಿಯ ಆಲ್ಟರ್ನೇಟರ್‌ಗೆ ಅಷ್ಟು ಶಕ್ತಿ ಇಲ್ಲ.

ಇರಿಡಿಯಂ ಪ್ಲಗ್ ಎರಡು ಸಲ ಹಾಕಿ ಓಡಿಸಿದ್ದೇನೆ. ಇರಿಡಿಯಂ ಕರಗುವುದು 2,446 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಸಾಧಾರಣ ಪ್ಲಗ್ಗಿನ ನಿಕ್ಕಲ್ 1,455ರಲ್ಲಿ. ಹಾಗಾಗಿ ಅದರ ತುದಿಯನ್ನು 0.6 ಮಿಲಿಮೀಟರಿಗೂ ಸಣ್ಣಗೆ ಮಾಡಬಹುದು, ತುದಿ ಸಣ್ಣಗಿದ್ದಷ್ಟೂ ಕಡಿಮೆ ವೋಲ್ಟಿಗೇ ಕಿಡಿ ಹಾರುತ್ತದೆ. ಮಾಗಿಯ ಚಳಿಯಲ್ಲಿ ಬೆಳಗಿನ ಸ್ಟಾರ್ಟಿಂಗ್ ಸ್ವಲ್ಪ ಹಗುರಾಯಿತು, ಅದು ನಿಜ. ಮೈಲೇಜ್ ನೋಡಲು ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಚಿತ್ರದುರ್ಗಕ್ಕೆ ಹೋಗಿಬಂದು ಲೆಕ್ಕ ಹಾಕಿದೆ. ಭರಮಸಾಗರ ದಾಟಿದ ಮೇಲೆ ಎದುರುಗಾಳಿ ಇದೆಯೋ ಇಲ್ಲವೋ ಎನ್ನುವುದರಿಂದ ಆಗುವ ವ್ಯತ್ಯಾಸದ ಮುಂದೆ ಪ್ಲಗ್ಗಿನ ವ್ಯತ್ಯಾಸ ಕಾಣಲೇ ಇಲ್ಲ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಇರಿಡಿಯಂನ ನಿಜವಾದ ಗುಣ ಬಾಳಿಕೆ. ಪ್ಲಗ್ ಬಿಚ್ಚಲು ಅರ್ಧ ಎಂಜಿನ್ ತೆಗೆಯಬೇಕಾದ ಕಾರುಗಳಿಗೆ ಅದು ದೊಡ್ಡ ಅನುಕೂಲ. ಬುಲೆಟ್ಟಿನ ಪ್ಲಗ್ ಕೈಗೆ ಸಿಗುವ ಜಾಗದಲ್ಲೇ ಇದೆ. ಕಾರ್ಬ್ಯುರೇಟರ್ ರಿಚ್ ಇದ್ದರೆ, ಅಂದರೆ ಪೆಟ್ರೋಲು ಹೆಚ್ಚು ಬಿಡುತ್ತಿದ್ದರೆ, ಇರಿಡಿಯಂಗೂ ಮಸಿ ಕಟ್ಟುತ್ತದೆ, ಆ ಸಣ್ಣ ತುದಿಯನ್ನು ವೈರ್ ಬ್ರಷ್ ಹಾಕಿ ಉಜ್ಜುವಂತಿಲ್ಲ.

ಇನ್ನು ಕಿಟ್. ಇದರ ಬಗ್ಗೆ ನನಗೆ ನಿಜಕ್ಕೂ ಪ್ರೀತಿ ಇದೆ.

ಪಾಯಿಂಟಿನ ತೊಂದರೆ ಕಿಡಿಯ ಶಕ್ತಿಯದ್ದಲ್ಲ, ಸಮಯದ್ದು. ಕ್ಯಾಮ್ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಸವೆಯುತ್ತಾ ಹೋದಂತೆ 0.35ರಿಂದ 0.40 ಮಿಲಿಮೀಟರ್ ಇರಬೇಕಾದ ಪಾಯಿಂಟಿನ ಗ್ಯಾಪ್ ಕಿರಿದಾಗುತ್ತದೆ. ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಹಿಂದೆ ಬೀಳುತ್ತದೆ. ಇದು ಒಂದೇ ದಿನ ಆಗುವುದಿಲ್ಲವಾದ್ದರಿಂದ ಓಡಿಸುವವನಿಗೆ ತಿಳಿಯುವುದೂ ಇಲ್ಲ. ಆನಗೋಡು ಕಡೆ ಏರಿನಲ್ಲಿ ಮೂರನೇ ಗೇರಿಗೆ ಇಳಿಸಬೇಕಾಗಿ ಬಂದಾಗ ಗಾಡಿಗೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಕಿಟ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ತಿರುಗುವ ಆಯಸ್ಕಾಂತವನ್ನು ಸೆನ್ಸರ್ ಗುರುತಿಸಿ ಕಾಯಿಲ್ಲಿನ ಕರೆಂಟ್ ಕತ್ತರಿಸುತ್ತದೆ. ಒಮ್ಮೆ ಕೂರಿಸಿದ ಟೈಮಿಂಗ್ ಅಲ್ಲೇ ಇರುತ್ತದೆ. ಹಾಕಿದ ಮೇಲೆ ಐಡ್ಲಿಂಗ್ ಒಂದೇ ತಾಳಕ್ಕೆ ಬಂತು, ನಿಧಾನ ವೇಗದ ಮಿಸ್ಸಿಂಗ್ ಹೋಯಿತು, ಕಿಕ್ಕರ್ ವಾಪಸ್ ಒದೆಯುವುದು ನಿಂತಿತು. ಟಾಪ್ ಸ್ಪೀಡ್ ಒಂದಿಷ್ಟೂ ಹೆಚ್ಚಿಲ್ಲ. ಹೊಸ ಪಾಯಿಂಟ್ ಹಾಕಿ ಸರಿಯಾಗಿ ಸೆಟ್ ಮಾಡಿದ ಮರುದಿನ ಗಾಡಿ ಹೇಗಿರುತ್ತಿತ್ತೋ, ವರ್ಷವಿಡೀ ಹಾಗೆಯೇ ಇರುತ್ತದೆ.

ಕೊರತೆಗಳೂ ಇವೆ. ಪಾಯಿಂಟ್ ಕೆಡುವಾಗ ಮಿಸ್ಸಿಂಗ್, ಬ್ಯಾಕ್‌ಫೈರ್ ಮಾಡಿ ಮುನ್ಸೂಚನೆ ಕೊಡುತ್ತದೆ. ಕಿಟ್ ಸತ್ತರೆ ಸತ್ತಿತು. ನಾನು ಹಾಕಿಸಿದ ಮೊದಲನೇ ಕಿಟ್ ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿಯ ಮೇಲೆಯೇ ನಿಂತುಹೋಯಿತು. ಹಳೇ ಪಾಯಿಂಟ್ ಪ್ಲೇಟು, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಟೂಲ್ ಬಾಕ್ಸಿನಲ್ಲಿದ್ದವು. ಮರದ ನೆರಳಲ್ಲಿ ನಿಲ್ಲಿಸಿ, ವಿಸಿಟಿಂಗ್ ಕಾರ್ಡ್ ದಪ್ಪಕ್ಕೆ ಗ್ಯಾಪ್ ಇಟ್ಟು, ಆಮೀಟರ್ ಮುಳ್ಳು ಮೈನಸ್ಸಿನಿಂದ ನಡುವಿಗೆ ಬರುವ, ಅಂದರೆ ಪಾಯಿಂಟ್ ತೆರೆಯುವ ಜಾಗ ನೋಡಿ ಟೈಮಿಂಗ್ ಹಿಡಿದು ಮನೆ ಸೇರಿದೆ. ಈಗಿರುವ ಎರಡನೇ ಕಿಟ್ಟಿನ ಮಾಡ್ಯೂಲನ್ನು (ಎಲೆಕ್ಟ್ರಾನಿಕ್ ಡಬ್ಬಿಯನ್ನು) ಎಂಜಿನ್ ಹತ್ತಿರ ಬಿಡದೆ, ಸೀಟಿನ ಕೆಳಗೆ ಗಾಳಿಯಾಡುವ ಕಡೆ ಕಟ್ಟಿಸಿದ್ದೇನೆ. ಆಮೇಲೆ ತಕರಾರಿಲ್ಲ. ಬ್ಯಾಟರಿ ತೀರಾ ಇಳಿದಿದ್ದರೆ ಕಿಟ್ ಕೆಲಸ ಮಾಡುವುದಿಲ್ಲ ಎನ್ನುವುದೂ ನೆನಪಿರಲಿ; ಅದೇ ಬ್ಯಾಟರಿಯಲ್ಲಿ ಪಾಯಿಂಟ್ ಗಾಡಿ ಹೇಗೋ ಸ್ಟಾರ್ಟ್ ಆಗುತ್ತದೆ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ವೇಗಕ್ಕೆ ತಕ್ಕಂತೆ ಟೈಮಿಂಗ್ ಮುಂದೆ ತರುವ ಅಡ್ವಾನ್ಸ್ ತೂಕಗಳು, ಸ್ಪ್ರಿಂಗುಗಳು ಇಂಥ ಎಷ್ಟೋ ಕಿಟ್ ಹಾಕಿದ ಮೇಲೂ ಹಳೆಯವೇ ಇರುತ್ತವೆ. ಅವು ಸಡಿಲವಾಗಿದ್ದರೆ ಎಂಥ ಸೆನ್ಸರ್ ಹಾಕಿದರೂ ಟೈಮಿಂಗ್ ಕುಣಿಯುತ್ತದೆ. ಕಿಟ್ ಕೊಳ್ಳಲು ಹೊರಟಾಗ ನಮ್ಮ ಮೆಕ್ಯಾನಿಕ್ ಅಂದದ್ದು ಇದನ್ನೇ: “ಮೊದ್ಲು ಇರೋದನ್ನ ಸರಿ ಮಾಡ್ಸಿ ಒಂದು ತಿಂಗ್ಳು ಓಡ್ಸಿ ನೋಡ್ರಿ ಸರ, ಆಮ್ಯಾಲೆ ಬೇಕಿದ್ರೆ ರೊಕ್ಕ ಹಾಕೀರಂತೆ.” ಹಾಗೇ ಮಾಡಿಸಿದೆ. ಅಡ್ವಾನ್ಸ್ ಸ್ಪ್ರಿಂಗ್, ಪ್ಲಗ್ ಕ್ಯಾಪ್, ಕಾಯಿಲ್ಲಿನಿಂದ ಪ್ಲಗ್ಗಿಗೆ ಹೋಗುವ ಎಚ್.ಟಿ. ವೈರ್, ಅರ್ಥ್ ಕನೆಕ್ಷನ್ ಇಷ್ಟೇ. ಎಚ್.ಟಿ. ವೈರ್ ಬಿರುಕು ಬಿಟ್ಟಿದೆಯೇ ಎಂದು ನೋಡಲು ರಾತ್ರಿ ಲೈಟ್ ಆರಿಸಿ ಎಂಜಿನ್ ಓಡಿಸಿದರೆ ಸಾಕು, ಸೋರುವ ಕಡೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಗಾಡಿಯ ಅರ್ಧಕ್ಕರ್ಧ ಸುಧಾರಣೆ ಆ ಚಿಲ್ಲರೆ ಖರ್ಚಿನಲ್ಲೇ ಬಂತು. ಉಳಿದರ್ಧಕ್ಕೆ ಕಿಟ್ ಬೇಕಾಯಿತು.

ಸಿಡಿಐ (ಕಂಪನಿಯಿಂದಲೇ ಬರುವ ಎಲೆಕ್ಟ್ರಾನಿಕ್ ಇಗ್ನಿಷನ್) ಇರುವ ಸ್ಪ್ಲೆಂಡರ್‌ನಂಥ ಗಾಡಿಗಳವರಿಗೆ ಇದರಲ್ಲಿ ಯಾವುದೂ ಬೇಕಿಲ್ಲ, ಅವುಗಳಲ್ಲಿ ಸವೆಯುವ ಪಾಯಿಂಟೇ ಇಲ್ಲ. ಪಾಯಿಂಟ್ ಬುಲೆಟ್ಟಿನವರು ಕಿಟ್ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಕಂಪನಿ ಕಾಯಿಲ್ಲಿನ ಜೊತೆಗೇ ನಡೆಯುತ್ತದೆಯೇ, ಬ್ಯಾಟರಿ ಎಷ್ಟು ವೋಲ್ಟಿಗೆ ಇಳಿಯುವವರೆಗೆ ಕೆಲಸ ಮಾಡುತ್ತದೆ, ಮಾಡ್ಯೂಲನ್ನು ದೂರ ಕಟ್ಟುವಷ್ಟು ವೈರ್ ಉದ್ದ ಇದೆಯೇ. ಮೂರಕ್ಕೂ ನೇರ ಉತ್ತರ ಸಿಕ್ಕರೆ ಹಾಕಿಸಿ, ಪಾಯಿಂಟ್ ಪ್ಲೇಟನ್ನು ಗುಜರಿಗೆ ಹಾಕದೆ ಟೂಲ್ ಬಾಕ್ಸಿನಲ್ಲೇ ಇಡಿ.