ನಾಲ್ಕು ವರ್ಷ, 1,900 ಗಂಟೆ: ನನ್ನ 47 ಎಚ್‌ಪಿ ಟ್ರ್ಯಾಕ್ಟರ್ ಮತ್ತು ಅದರ ಒಂಟಿ ಕ್ಲಚ್

ಅರವತ್ತು ಎಕರೆ ಜಮೀನಿಗೆ ಮಧ್ಯಮ ಗಾತ್ರದ ಟ್ರ್ಯಾಕ್ಟರ್ ಹುಡುಕಲು ಹೊರಟಾಗ ನಾನು ಮಾಡಿಕೊಂಡಿದ್ದ ಪಟ್ಟಿಯಲ್ಲಿ ಎಚ್‌ಪಿ, ಸಿಲಿಂಡರ್, ಗೇರುಗಳ ಸಂಖ್ಯೆ, ಹಿಂದೆ ಕಟ್ಟಿದ ಉಪಕರಣವನ್ನು ಮೇಲಕ್ಕೆತ್ತುವ ಲಿಫ್ಟಿನ ತೂಕದ ಮಿತಿ ಎಲ್ಲವೂ ಇದ್ದವು. ಕ್ಲಚ್ ಎಂಬ ಪದವೇ ಇರಲಿಲ್ಲ. ನಾಲ್ಕು ವರ್ಷ ಕಳೆದು ಮೀಟರಿನಲ್ಲಿ 1,900 ಗಂಟೆ ದಾಟಿರುವ ಈಗ, ಗಾಡಿ ಹೇಗಿದೆ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಮೊದಲು ಬರುವುದೇ ಆ ಪದ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಕೊರತೆ ಒಂದು ಕಂಪನಿಗೆ ಸೇರಿದ್ದಲ್ಲ. ಕಡಿಮೆ ಬೆಲೆಯ ಮಾದರಿಯನ್ನು ಆರಿಸಿಕೊಂಡ ನನಗೂ ಅದರಲ್ಲಿ ಪಾಲಿದೆ.

ಜಮೀನಿನಲ್ಲಿ ಸುಮಾರು ಅರ್ಧ ಭಾಗ ಉಳುವ ನೆಲ, ಮೂರನೇ ಒಂದು ಭಾಗ ಹುಲ್ಲುಗಾವಲು, ಉಳಿದದ್ದು ಮರಗಳ ಸಾಲು, ಕೆರೆಯ ಏರಿ ಮತ್ತು ಮಳೆಗಾಲ ಮುಗಿದ ಮೇಲೆ ಪ್ರತಿ ಸಲ ಸರಿಪಡಿಸಬೇಕಾದ ಮಣ್ಣು ದಾರಿ. 35 ಎಚ್‌ಪಿಯ ಗಾಡಿಗೆ ತಿರುಗುವ ಅಲಗುಗಳಿಂದ ಮಣ್ಣನ್ನು ಪುಡಿಮಾಡುವ ಆರು ಅಡಿ ಅಗಲದ ರೋಟವೇಟರ್ ಹೊರೆಯಾಗುತ್ತದೆ. 60 ದಾಟಿದ ಗಾಡಿ ಮರಗಳ ಸಾಲಿನಲ್ಲಿ ತಿರುಗಲಾರದು. ಅಲ್ಲದೆ ಅದರ ತೂಕಕ್ಕೆ ಹಸಿ ಮಣ್ಣು ಆಳದಲ್ಲಿ ಒತ್ತಿ ಗಟ್ಟಿಯಾದರೆ ಅದನ್ನು ಮತ್ತೆ ಸಡಿಲಿಸುವುದು ಸುಲಭವಲ್ಲ. ಹೀಗೆ ಕಳೆಯುತ್ತಾ ಬಂದು 47ಕ್ಕೆ ನಿಂತೆ. ಆ 47 ಎಂಜಿನ್ನಿನ ಲೆಕ್ಕ, ಅಂದರೆ ಸುಮಾರು 35 ಕಿಲೋವ್ಯಾಟ್. ಹಿಂದಿನ ಪಿಟಿಒ ಶಾಫ್ಟಿಗೆ, ಅಂದರೆ ರೋಟವೇಟರಿನಂಥ ಉಪಕರಣಗಳನ್ನು ತಿರುಗಿಸುವ ದಂಡಕ್ಕೆ, ತಲುಪುವುದು 40ರ ಆಸುಪಾಸು. ಸಡಿಲ ಮಣ್ಣಿನಲ್ಲಿ ಎಳೆಯುವ ಶಕ್ತಿಯಾಗಿ ಕೈಗೆ ಸಿಗುವುದು ಹೆಚ್ಚೆಂದರೆ ಅದಕ್ಕೂ ಬಹಳ ಕೆಳಗಿನ ಅಂಕಿ. ಮಾರುವವರ ಮಾತಿಗೂ ನೆಲದ ಸತ್ಯಕ್ಕೂ ಇರುವ ಈ ಅಂತರ ಹಳೆಯ ತಕರಾರು. ಅಮೆರಿಕದ ನೆಬ್ರಾಸ್ಕಾ ರಾಜ್ಯವು 1919ರಲ್ಲಿ ಕಾನೂನನ್ನೇ ಮಾಡಿ, 1920ರಿಂದ ಟ್ರ್ಯಾಕ್ಟರುಗಳನ್ನು ಸ್ವತಂತ್ರವಾಗಿ ಪರೀಕ್ಷಿಸಲು ತೊಡಗಿದ್ದು ಇದೇ ಕಾರಣಕ್ಕೆ. ಅಂತಹ ಪರೀಕ್ಷಾ ವರದಿ ಸಿಗುವ ಮಾದರಿಯಾದರೆ ಬಾನೆಟ್ಟಿನ ಮೇಲಿನ ಅಂಕಿಯನ್ನು ಬಿಟ್ಟು ವರದಿಯಲ್ಲಿರುವ ಪಿಟಿಒ ಅಂಕಿಯನ್ನು ನೋಡುವುದು ಒಳ್ಳೆಯದು. ಇಷ್ಟನ್ನು ನಾನು ಓದಿಕೊಂಡೇ ಹೋಗಿದ್ದೆ, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲ ವರ್ಷ ದೂರಲು ಏನೂ ಸಿಗಲಿಲ್ಲ. ನಾಲ್ಕೂ ಗಾಲಿಗೆ ಚಾಲನೆ ಇರುವ ಮಾದರಿಯನ್ನೇ ತೆಗೆದುಕೊಂಡಿದ್ದೆ, ಮತ್ತು ಕೆರೆಯ ಕೆಳಗಿನ ಜೌಗು ನೆಲದಲ್ಲಿ ಅದು ಒಂದೇ ಹಂಗಾಮಿನಲ್ಲಿ ತನ್ನ ಯೋಗ್ಯತೆಯನ್ನು ತೋರಿಸಿತು. ಒಣಗಿದ ಗಟ್ಟಿ ರಸ್ತೆಗೆ ಬಂದ ಕೂಡಲೇ ಮುಂದಿನ ಚಾಲನೆಯನ್ನು ಬಿಡಿಸಬೇಕೆಂಬುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕು. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ತುಸು ವೇಗವಾಗಿ ತಿರುಗುವಂತೆ ಜೋಡಿಸಿರುವುದರಿಂದ, ಗಟ್ಟಿ ನೆಲದಲ್ಲಿ ಆ ವ್ಯತ್ಯಾಸವೆಲ್ಲ ಟೈರ್ ಸವೆತಕ್ಕೂ ಗೇರುಗಳ ಮೇಲಿನ ಒತ್ತಡಕ್ಕೂ ಹೋಗುತ್ತದೆ.

ಅದೇ ವರ್ಷ ಒಂದು ಸಂಜೆ ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಗಾಲಿ ಎಷ್ಟು ಜಾರುತ್ತದೆ ಎಂದು ಅಳೆದೆ. ಕಲ್ಟಿವೇಟರನ್ನು ಎತ್ತಿಕೊಂಡು ಹೋದಾಗ ಹತ್ತು ಸುತ್ತಿಗೆ 41 ಮೀಟರ್. ಅದನ್ನು ನೆಲಕ್ಕಿಳಿಸಿ ಎಳೆದಾಗ ಅದೇ ಹತ್ತು ಸುತ್ತಿಗೆ 33 ಮೀಟರ್. ಅಂದರೆ ಐದನೇ ಒಂದು ಭಾಗ ಡೀಸೆಲ್ ಮಣ್ಣನ್ನು ಕೆರೆಯುವುದರಲ್ಲೇ ಹೋಗುತ್ತಿತ್ತು. ಉಳುವ ನೆಲದಲ್ಲಿ ಜಾರಿಕೆ ಶೇ. 8ರಿಂದ 15ರೊಳಗೆ ಇದ್ದರೆ ಸರಿ ಎನ್ನುತ್ತಾರೆ. ಜಾರಿಕೆ ತಗ್ಗಿಸಲು ಟೈರಿನೊಳಗೆ ನೀರು ತುಂಬಿ ಗಾಲಿಯ ತೂಕ ಹೆಚ್ಚಿಸಬಹುದು. ಗಾಳಿ ತುಂಬುವ ಕೊಳವೆಯ ಬಾಯಿ ಮೇಲಕ್ಕೆ ಬರುವಂತೆ ಗಾಲಿಯನ್ನು ತಿರುಗಿಸಿ, ನೀರು ಆ ಬಾಯಿಯವರೆಗೆ ಬರುವ ತನಕ ತುಂಬಿದರೆ ಟೈರಿನ ಮುಕ್ಕಾಲು ಭಾಗ ತುಂಬಿದಂತೆ. ಹಾಗೆ ತುಂಬಿ ಮತ್ತೆ ಅಳೆದಾಗ 36 ಮೀಟರ್ ಬಂತು. ನೀರಿಗೆ ಕಾಸು ಕೊಡಬೇಕಾಗಿರಲಿಲ್ಲ ಎಂಬುದು ನನ್ನಂಥವನಿಗೆ ಇನ್ನೊಂದು ಸಂತೋಷ.

ಬೆಳಗಿನ ಹತ್ತು ನಿಮಿಷಗಳನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ. ಗಾಡಿ ತಣ್ಣಗಿರುವಾಗಲೇ ಆಯಿಲ್ ಕಡ್ಡಿಯನ್ನು ಎಳೆದು, ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ನೋಡುತ್ತೇನೆ. ಡೀಸೆಲ್ ಫಿಲ್ಟರಿನ ಕೆಳಗೆ ಒಂದು ಗಾಜಿನ ಬಟ್ಟಲಿದೆ. ಡೀಸೆಲ್‌ಗಿಂತ ಭಾರವಾದ ನೀರು ಅದರ ತಳದಲ್ಲಿ ಮಣಿಯಂತೆ ಕೂತಿರುತ್ತದೆ. ತಳದ ತಿರುಪನ್ನು ಎರಡು ಸುತ್ತು ಸಡಿಲಿಸಿದರೆ ಮೊದಲು ಆ ಮಣಿ ಜಾರಿ ಬೀಳುತ್ತದೆ, ಬಳಿಕ ಬರಿ ಡೀಸೆಲ್ ಬೆರಳನ್ನು ತೋಯಿಸುತ್ತದೆ, ಆಗ ಮುಚ್ಚಬೇಕು. ಸಂಜೆ ಕೆಲಸ ಮುಗಿದ ಕೂಡಲೇ ಟ್ಯಾಂಕ್ ತುಂಬಿಸಿ ನಿಲ್ಲಿಸಲು ಆರಂಭಿಸಿದ ಮೇಲೆ ಈ ಮಣಿ ಅಪರೂಪವಾಗಿದೆ, ಏಕೆಂದರೆ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಹನಿಗಟ್ಟಲು ಗಾಳಿಗೆ ಜಾಗವೇ ಉಳಿಯುವುದಿಲ್ಲ. ಕೊನೆಯದಾಗಿ ಮುಂದಿನ ಆಕ್ಸಲ್ಲಿನ ನಡುವಿನ ಪಿನ್ನಿಗೆ ಗ್ರೀಸ್. ಗನ್ನನ್ನು ಒತ್ತುತ್ತಾ ಹೋದಂತೆ ಮೊದಲು ಮಣ್ಣು ಕಲೆತ ಕಪ್ಪು ಗ್ರೀಸ್ ಅಂಚಿನಿಂದ ಉಬ್ಬಿ ಬರುತ್ತದೆ, ಅದರ ಹಿಂದೆಯೇ ಹೊಸ ಗ್ರೀಸಿನ ತಿಳಿಬಣ್ಣದ ಉಂಗುರ. ಆ ಉಂಗುರ ಕಾಣುವವರೆಗೆ ನನಗೆ ಸಮಾಧಾನವಿಲ್ಲ.

ಎರಡನೆಯ ವರ್ಷ ಹುಲ್ಲುಗಾವಲಿಗೆಂದು ಆರು ಅಡಿಯ ಸ್ಲ್ಯಾಷರ್, ಅಂದರೆ ಪಿಟಿಒದಿಂದ ತಿರುಗುವ ಹುಲ್ಲು ಕತ್ತರಿಸುವ ಉಪಕರಣ, ತಂದೆ. ನನ್ನ ಅಭಿಪ್ರಾಯ ಕೆಟ್ಟದ್ದು ಅಲ್ಲಿಂದ.

ಈ ಗಾಡಿಯಲ್ಲಿ ಇರುವುದು ಒಂದೇ ಕ್ಲಚ್. ಪೆಡಲ್ ಒತ್ತಿದರೆ ಎಂಜಿನ್ನಿನಿಂದ ಗಾಲಿಗೆ ಹೋಗುವ ಶಕ್ತಿಯೂ ಪಿಟಿಒಗೆ ಹೋಗುವ ಶಕ್ತಿಯೂ ಒಟ್ಟಿಗೇ ಕಡಿಯುತ್ತವೆ. ಡ್ಯುಯಲ್ ಕ್ಲಚ್ಚಿನ ಗಾಡಿಯಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಗಾಲಿ ಮಾತ್ರ ನಿಲ್ಲುತ್ತದೆ, ಪೂರ್ತಿ ಒತ್ತಿದಾಗಲಷ್ಟೇ ಪಿಟಿಒ ನಿಲ್ಲುತ್ತದೆ. ಸ್ವತಂತ್ರ ಪಿಟಿಒ ಇದ್ದರೆ ಅದಕ್ಕೆ ತನ್ನದೇ ಕ್ಲಚ್ಚು, ತನ್ನದೇ ಹಿಡಿಕೆ. ಕೊಳ್ಳುವಾಗ ಮಾರಾಟಗಾರ ಡ್ಯುಯಲ್ ಕ್ಲಚ್ಚಿನ ಮಾದರಿಯನ್ನೂ ತೋರಿಸಿದ್ದ. ಅದಕ್ಕೆ ಕೇಳಿದ ಹೆಚ್ಚಿನ ಹಣದಲ್ಲಿ ಸ್ಪ್ರಿಂಗ್ ಸೀಟು ಮತ್ತು ಮುಂದಿನ ತೂಕಗಳು ಬರುತ್ತವೆಂದು ಲೆಕ್ಕ ಹಾಕಿ ನಾನೇ ಬೇಡವೆಂದೆ.

ರೋಟವೇಟರಿನಲ್ಲಿ ಈ ಕೊರತೆ ಬರಿ ಕಿರಿಕಿರಿಯಾಗಿತ್ತು. ಗೇರು ಬದಲಿಸಲು ಪೆಡಲ್ ಒತ್ತಿದೊಡನೆ ಮಣ್ಣಿನಲ್ಲಿ ಹೂತಿರುವ ಅಲಗುಗಳು ನಿಂತುಬಿಡುತ್ತವೆ, ಮತ್ತೆ ಹೊರಡಲು ಅವನ್ನು ಮೇಲಕ್ಕೆತ್ತಲೇಬೇಕು. ಸ್ಲ್ಯಾಷರಿನ ಕತೆ ಬೇರೆ. ಅದರ ಭಾರದ ಅಲಗುಗಳು ಗಾಳಿಯಲ್ಲಿ ತಿರುಗುವುದರಿಂದ ಎಂಜಿನ್ನಿನ ಸಂಪರ್ಕ ಕಡಿದ ಮೇಲೂ ಅವು ಸುಮ್ಮನಾಗುವುದಿಲ್ಲ. ತಮ್ಮ ವೇಗವನ್ನು ಪಿಟಿಒ ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೆ ಹಿಂದಿರುಗಿಸುತ್ತವೆ, ಗೇರ್‌ಬಾಕ್ಸ್ ಅದನ್ನು ಗಾಲಿಗೆ ದಾಟಿಸುತ್ತದೆ. ಟ್ರ್ಯಾಕ್ಟರು ಸ್ಲ್ಯಾಷರನ್ನು ಓಡಿಸುವ ಬದಲು ಸ್ಲ್ಯಾಷರು ಟ್ರ್ಯಾಕ್ಟರನ್ನು ಓಡಿಸುತ್ತದೆ.

ಇದನ್ನು ನಾನು ಓದಿ ತಿಳಿದದ್ದಲ್ಲ. ಕೆರೆಯ ಏರಿಯ ಬುಡದಲ್ಲಿ ಹುಲ್ಲು ಹೊಡೆಯುತ್ತಾ ಬೇಲಿಯ ಹತ್ತಿರ ಬಂದಾಗ ಎಂದಿನಂತೆ ಪೆಡಲನ್ನು ನೆಲ ಮುಟ್ಟುವಂತೆ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಕಾಲು ಪೆಡಲಿನಿಂದ ಜಾರಿತೇನೋ ಎಂದು ಬಗ್ಗಿ ನೋಡಿದೆ. ಕಾಲು ಅಲ್ಲೇ ಇತ್ತು, ಪೆಡಲು ಕೆಳಗೇ ಇತ್ತು, ಎಂಜಿನ್ನಿನ ಸದ್ದೂ ಹಗುರಾಗಿತ್ತು, ಗಾಡಿ ಮಾತ್ರ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿದಾಗ ಅದು ನಿಂತಿತು, ಆದರೆ ಅಷ್ಟರಲ್ಲಿ ಬಂಪರು ಬೇಲಿಯ ಕಂಬವನ್ನು ಮಲಗಿಸಿತ್ತು. ಕಂಬದಾಚೆ ನೀರು ನಾಲ್ಕು ಹೆಜ್ಜೆ ದೂರ. ಕಂಬದ ಜಾಗದಲ್ಲಿ ಮನುಷ್ಯರು ನಿಂತಿದ್ದರೆ ಎಂಬ ಯೋಚನೆ ಅಂದು ರಾತ್ರಿ ನಿದ್ದೆ ಕೊಡಲಿಲ್ಲ.

ಇದಕ್ಕೆ ಪರಿಹಾರ ಅಂಗೈಯಗಲದ ಒಂದು ಬಿಡಿಭಾಗ, ಓವರ್‌ರನ್ನಿಂಗ್ ಕ್ಲಚ್. ಸೈಕಲ್ಲಿನ ಫ್ರೀವೀಲ್ ಹೇಗೋ ಹಾಗೆ: ಶಕ್ತಿ ಟ್ರ್ಯಾಕ್ಟರಿನಿಂದ ಉಪಕರಣಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಆರು ಹಲ್ಲಿನ 35 ಮಿಲಿಮೀಟರ್ ಪಿಟಿಒ ಶಾಫ್ಟಿನ ಮೇಲೆ ಕೂಡಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅದನ್ನು ಸೇರಿಸಿದಷ್ಟೂ ಜೋಡಣೆ ಉದ್ದವಾಗುತ್ತದೆ. ಸ್ಲ್ಯಾಷರನ್ನು ಎತ್ತುವಾಗ ಒಂದರೊಳಗೊಂದು ಜಾರುವ ಶಾಫ್ಟಿನ ಕೊಳವೆಗಳು ತಳ ಮುಟ್ಟಿದರೆ, ಆ ಒತ್ತಡ ನೇರವಾಗಿ ಗೇರ್‌ಬಾಕ್ಸಿನ ಬೇರಿಂಗಿನ ಮೇಲೆ ಬೀಳುತ್ತದೆ. ಹಾಗೆಂದು ಹೆಚ್ಚು ಕತ್ತರಿಸುವಂತೆಯೂ ಇಲ್ಲ, ಏಕೆಂದರೆ ಕೆಲಸದ ಸ್ಥಿತಿಯಲ್ಲಿ ಕೊಳವೆಗಳು ಕನಿಷ್ಠ ಮೂರನೇ ಒಂದು ಭಾಗದಷ್ಟಾದರೂ ಒಂದರೊಳಗೊಂದು ಉಳಿಯಬೇಕು. ಎತ್ತಿ, ಇಳಿಸಿ, ಗುರುತು ಹಾಕಿ, ಎರಡೂ ಕೊಳವೆಗಳನ್ನೂ ಅವುಗಳ ಪ್ಲಾಸ್ಟಿಕ್ ಕವಚವನ್ನೂ ಸಮನಾಗಿ ಕತ್ತರಿಸಿ, ಅಂಚಿನ ಒರಟನ್ನು ಅರದಿಂದ ಉಜ್ಜುವುದರಲ್ಲಿ ಒಂದು ಇಡೀ ದಿನ ಹೋಯಿತು. ಗಾಡಿ ಈಗ ಪೆಡಲಿನ ಮಾತು ಕೇಳುತ್ತದೆ. ಪೆಡಲ್ ಒತ್ತಿದರೆ ಸ್ಲ್ಯಾಷರಿಗೆ ಶಕ್ತಿ ತಪ್ಪುವ ತೊಂದರೆ ಮಾತ್ರ ಹಾಗೆಯೇ ಉಳಿದಿದೆ: ದಟ್ಟ ಹುಲ್ಲಿನಲ್ಲಿ ಗೇರು ಇಳಿಸುವಷ್ಟರಲ್ಲಿ ಅಲಗಿನ ವೇಗ ಕುಗ್ಗಿ, ಹುಲ್ಲು ಕತ್ತರಿಸಿಕೊಳ್ಳದೆ ಮಡಚಿ ಮಲಗುತ್ತದೆ, ಮತ್ತೆ ಹಿಂದೆ ಬಂದು ಅದೇ ಜಾಗವನ್ನು ಹೊಡೆಯಬೇಕು.

ಆ ವರ್ಷವೇ ಇದನ್ನು ಮಾರಿಬಿಡುವ ಮನಸ್ಸಾಗಿತ್ತು. ಮಾರದೆ ಉಳಿಸಿಕೊಂಡದ್ದಕ್ಕೆ ಕಾರಣ ನಾನು ಎರಡು ವರ್ಷ ಮುಟ್ಟದೇ ಬಿಟ್ಟಿದ್ದ ಒಂದು ಹಿಡಿಕೆ. ಲಿಫ್ಟಿಗೆ ಎರಡು ಹಿಡಿಕೆಗಳಿವೆ: ಒಂದು ಪೊಸಿಷನ್, ಅಂದರೆ ಉಪಕರಣ ಇಟ್ಟ ಎತ್ತರದಲ್ಲೇ ಇರುವುದು, ಇನ್ನೊಂದು ಡ್ರಾಫ್ಟ್. ಮೂರನೆಯ ವರ್ಷ ಮಣ್ಣನ್ನು ಮಗುಚಿ ಹಾಕುವ ಎರಡು ಗುಳದ ಎಂ.ಬಿ. (ಮೋಲ್ಡ್‌ಬೋರ್ಡ್) ನೇಗಿಲು ಕಟ್ಟಿದಾಗ, ಗಟ್ಟಿ ನೆಲ ಸಿಕ್ಕಲ್ಲೆಲ್ಲ ಎಂಜಿನ್ ಉಸಿರು ಕಟ್ಟುತ್ತಿದ್ದುದನ್ನು ಕಂಡು ಕೈಪಿಡಿ ತೆಗೆದು ಓದಿ ಡ್ರಾಫ್ಟ್ ಹಿಡಿಕೆಗೆ ಕೈ ಹಾಕಿದೆ. ನೇಗಿಲಿಗೆ ಮಣ್ಣಿನ ತಡೆ ಹೆಚ್ಚಾದಾಗ ಟಾಪ್ ಲಿಂಕ್, ಅಂದರೆ ನೇಗಿಲನ್ನು ಮೇಲ್ಗಡೆ ಗಾಡಿಗೆ ಜೋಡಿಸುವ ಸಲಾಕೆ, ಮುಂದಕ್ಕೆ ಒತ್ತುತ್ತದೆ. ಆ ಒತ್ತಡ ಒಂದು ಸ್ಪ್ರಿಂಗಿನ ಮೂಲಕ ಹೈಡ್ರಾಲಿಕ್ ವಾಲ್ವಿಗೆ ತಿಳಿದು, ಲಿಫ್ಟ್ ನೇಗಿಲನ್ನು ತಾನಾಗಿಯೇ ಎರಡು ಬೆರಳಿನಷ್ಟು ಎತ್ತುತ್ತದೆ, ಮೆತ್ತನೆಯ ಮಣ್ಣು ಬಂದೊಡನೆ ಮತ್ತೆ ಇಳಿಸುತ್ತದೆ. ಎತ್ತುವ ಆ ಗಳಿಗೆಯಲ್ಲಿ ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ, ಹಿಡಿತ ಹೆಚ್ಚು ಬೇಕಾದ ಜಾಗದಲ್ಲೇ ಹಿಡಿತ ಹೆಚ್ಚುತ್ತದೆ. ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿದ ಏರ್ಪಾಡು ಇದು. ನೂರು ವರ್ಷದ ಹಳೆಯ ಈ ಉಪಾಯವನ್ನು ಮೀರಿಸುವಂಥದ್ದು ನನ್ನ ಗಾಡಿಯಲ್ಲಿ ಬೇರೇನೂ ಇಲ್ಲ. ಹೊಲದ ನಡುವಿನ ಗೊರಚು ಪಟ್ಟಿಯನ್ನು ದಾಟುವಾಗ ಹಿಂದಿರುಗಿ ನೋಡಿದರೆ ನೇಗಿಲು ಮೆಲ್ಲಗೆ ಮೇಲೆದ್ದು ಮತ್ತೆ ಕೂರುವುದು ಕಾಣುತ್ತದೆ, ಎಂಜಿನ್ನಿನ ಸದ್ದು ಮಾತ್ರ ಒಂದೇ ಸಮನಾಗಿರುತ್ತದೆ. ಗಂಟೆಗಟ್ಟಲೆ ಉತ್ತರೂ ಬೇಸರವಾಗದ ಕೆಲಸ ಅದು. ಸಾಲಿನ ಆಳ ಅಲ್ಲಲ್ಲಿ ತುಸು ಏರುಪೇರಾಗುತ್ತದೆ ನಿಜ, ಅದು ನನಗೆ ಒಪ್ಪಿಗೆ.

ಸಣ್ಣಪುಟ್ಟ ದೂರುಗಳು ಇನ್ನೂ ಇವೆ. ನನ್ನ ಹಳೆಯ ಉಪಕರಣಗಳ ಪಿನ್ನು 22 ಮಿಲಿಮೀಟರಿನದು, ಅವನ್ನು ಹಿಡಿಯುವ ಈ ಗಾಡಿಯ ಲಿಂಕಿನ ರಂಧ್ರ 28ರದ್ದು. ನಡುವೆ ಬುಷ್ ಎಂಬ ಲೋಹದ ಬಳೆ ಹಾಕಿದರೆ ಹೊಂದುತ್ತದೆ, ಆದರೆ ದಿನವಿಡೀ ಕಟಕಟ ಎನ್ನುತ್ತದೆ. ಚಾಲಕನ ತಲೆಯ ಹಿಂದಿನ ರಕ್ಷಣಾ ಕಮಾನು ಮಡಚುವಂಥದ್ದಲ್ಲ, ಮರಗಳ ಸಾಲಿನಲ್ಲಿ ಕೊಂಬೆಗೆ ಸಿಕ್ಕುತ್ತದೆ. ಬಿಚ್ಚಿಡುವ ಯೋಚನೆ ಮಾತ್ರ ಬೇಡ, ಏರಿಯ ಮೇಲೆ ಗಾಡಿ ಮಗುಚಿದರೆ ಪ್ರಾಣ ಉಳಿಸುವುದು ಅದು ಮತ್ತು ಸೀಟ್ ಬೆಲ್ಟ್ ಎರಡೇ. ಡೀಸೆಲ್ ರೋಟವೇಟರಿಗೆ ಗಂಟೆಗೆ ಆರೂವರೆ ಲೀಟರ್, ಸ್ಲ್ಯಾಷರಿಗೆ ಐದರೊಳಗೆ. ಸ್ಪ್ರಿಂಗ್ ಸೀಟು ಚೆನ್ನಾಗಿದೆ. ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟೆ ಎಂಬುದು ನೆನಪಾಗದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಇನ್ನೊಮ್ಮೆ ಕೊಳ್ಳುವುದಾದರೆ ಐದು ಎಚ್‌ಪಿ ಕಡಿಮೆಯಾದರೂ ಸರಿ, ಸ್ವತಂತ್ರ ಪಿಟಿಒ ಇರುವ ಗಾಡಿಯನ್ನೇ ತರುತ್ತೇನೆ. ಬರಿ ಉಳುಮೆ ಮತ್ತು ಟ್ರೈಲರಿನ ಕೆಲಸ ಇರುವವರಿಗೆ ಒಂಟಿ ಕ್ಲಚ್ ಸಾಕು. ಅದು ಸರಳ, ರಿಪೇರಿಯೂ ಅಗ್ಗ. ಹುಲ್ಲು ಹೊಡೆಯುವುದು, ಬೇಲ್ ಕಟ್ಟುವುದು, ಕೊಂಬೆ ಪುಡಿಮಾಡುವುದು ಇದ್ದವರು ಷೋರೂಮಿನ ಕಾಂಕ್ರೀಟ್ ನೆಲದಲ್ಲಿ ಬರಿ ಗಾಡಿಯನ್ನು ಓಡಿಸಿ ಒಪ್ಪಿಕೊಳ್ಳಬೇಡಿ. ಬಯಲು ಜಾಗದಲ್ಲಿ ಪಿಟಿಒ ತಿರುಗಿಸಿಕೊಂಡು ಕೆಳ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಪೆಡಲನ್ನು ಅರ್ಧ ಒತ್ತಿಸಿ, ದೂರದಲ್ಲಿ ನಿಂತು ಹಿಂದಿನ ಶಾಫ್ಟನ್ನು ನೋಡಿ. ಗಾಲಿ ನಿಂತು ಶಾಫ್ಟ್ ತಿರುಗುತ್ತಲೇ ಇದ್ದರೆ ಮಾತು ಮುಂದುವರಿಸಬಹುದು.

ನನ್ನ ಗಾಡಿಯ ಕ್ಲಚ್ ಪ್ಲೇಟು ಈಗ ಸವೆಯುತ್ತಾ ಬಂದಿದೆ, ಪೆಡಲಿನ ಸಡಿಲವನ್ನು ಈ ವರ್ಷ ಎರಡು ಸಲ ಸರಿಪಡಿಸಿದ್ದಾಗಿದೆ. ಹೇಗೂ ಬಿಚ್ಚುವಾಗ ಡ್ಯುಯಲ್ ಕ್ಲಚ್ಚನ್ನೇ ಹಾಕಬಹುದೇ ಎಂದು ಮೆಕ್ಯಾನಿಕ್‌ನನ್ನು ಕೇಳಿದೆ. ಒಳಗಿನ ಶಾಫ್ಟುಗಳನ್ನೂ ಬದಲಿಸಬೇಕಾಗುತ್ತದೆ, ಅಷ್ಟು ಖರ್ಚು ಮಾಡುವುದಕ್ಕಿಂತ ಇದನ್ನು ಹೀಗೇ ಓಡಿಸಿ ಎಂದ. ಹೊಸ ಒಂಟಿ ಪ್ಲೇಟಿಗೆ ಹೇಳಿ ಬಂದಿದ್ದೇನೆ.